ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮುಗಿದ ಮೇಲೂ ಕಲಿಯುತ್ತಿರುವುದು ಹೇಗೆ: ಫೀಲ್ಡಿನಲ್ಲಿರುವವರಿಗೆ

2024ರ ಕೊನೆಯಲ್ಲಿ ಒಂದು ಕೌಟುಂಬಿಕ ದೌರ್ಜನ್ಯದ ಕೇಸಿಗೆ ವರದಿ ಬರೆದು ವಕೀಲರ ಕೈಗೆ ಕೊಟ್ಟೆ. ಅದರಲ್ಲಿ ಐಪಿಸಿ (ಹಳೇ ಭಾರತೀಯ ದಂಡ ಸಂಹಿತೆ) 498ಎ, ಅಂದರೆ ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಸೆಕ್ಷನ್, ಎಂದು ಬರೆದಿದ್ದೆ. ಅವರು ಕನ್ನಡಕ ಇಳಿಸಿ ನೋಡಿ, "ಮೇಡಂ, ಇದು ಆಗಸ್ಟ್‌ನಲ್ಲಿ ನಡೆದದ್ದಲ್ವಾ?" ಎಂದರು. ಜುಲೈ 1ರಿಂದಲೇ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತ್ತು. ಹೊಸ ಘಟನೆಗೆ ಅದರ 85ನೇ ಸೆಕ್ಷನ್. ಪೇಪರಿನಲ್ಲಿ ಓದಿದ್ದೆ, ಆದರೆ ಬೆರಳಿಗೆ ಹಳೇ ನಂಬರೇ ಅಂಟಿಕೊಂಡಿತ್ತು.

ಅಮೆರಿಕದಲ್ಲಿ ಲೈಸೆನ್ಸ್ ನವೀಕರಿಸಬೇಕಾದರೆ ಇಷ್ಟು ಗಂಟೆ ತರಬೇತಿ ತೆಗೆದುಕೊಂಡಿರಬೇಕು ಎಂಬ ನಿಯಮ ಇದೆ. ನಮ್ಮಲ್ಲಿ ಸಾಮಾನ್ಯ ಸಮಾಜ ಕಾರ್ಯಕರ್ತರಿಗೆ ಲೈಸೆನ್ಸೇ ಇಲ್ಲ, ಹಾಗಾಗಿ ಕಲಿತೆಯಾ ಬಿಟ್ಟೆಯಾ ಎಂದು ಯಾರೂ ಕೇಳುವುದಿಲ್ಲ. (ಆಸ್ಪತ್ರೆಯಲ್ಲಿ ವೈದ್ಯಕೀಯ ಅಥವಾ ಮನೋವೈದ್ಯಕೀಯ ಸಮಾಜ ಕಾರ್ಯದಲ್ಲಿರುವವರು, ಆರೋಗ್ಯ ಕ್ಷೇತ್ರದ ಸಹಾಯಕ ವೃತ್ತಿಗಳನ್ನು ನಿಯಂತ್ರಿಸುವ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಮೇಲೆ ಕಣ್ಣಿಟ್ಟಿರಿ. ನಿಮ್ಮ ಹುದ್ದೆಗಳು ಅದರ ಪಟ್ಟಿಯಲ್ಲಿವೆ.)

ಹಾಗಾದರೆ ಏನು ಕಲಿಯಬೇಕು ಎಂದು ಹೇಳುವವರು ಯಾರು? ನಿಮ್ಮ ಫೋನು. ತಮಾಷೆಯಲ್ಲ. ಕಳೆದ 3 ತಿಂಗಳ ಕಾಲ್ ಲಿಸ್ಟ್ ತೆಗೆಯಿರಿ. ಕೇಸಿನ ಮಧ್ಯೆ ಸಿಕ್ಕಿಕೊಂಡು ಸೀನಿಯರ್‌ಗೆ, ಮಕ್ಕಳ ರಕ್ಷಣಾ ಘಟಕದ ಗೆಳತಿಗೆ, ವಕೀಲರಿಗೆ ಯಾವಾಗ ಫೋನ್ ಮಾಡಿದಿರಿ, ಏನು ಕೇಳಿದಿರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಒಂದೇ ಪ್ರಶ್ನೆ ಮೂರು ಸಲ ಬಂದಿದ್ದರೆ ಅದೇ ನಿಮ್ಮ ಮುಂದಿನ 3 ತಿಂಗಳ ಪಾಠ. ಒಂದೇ ಒಂದು ವಿಷಯ ಸಾಕು. ಹತ್ತು ವಿಷಯಕ್ಕೆ ಕೈ ಹಾಕಿದರೆ ಸರ್ಟಿಫಿಕೇಟ್ ಫೈಲ್ ದಪ್ಪವಾಗುತ್ತದೆ, ಅಷ್ಟೇ.

ನನಗೆ ಮತ್ತೆ ಮತ್ತೆ ಬಂದದ್ದು ಈ ತರಹದ ಕೇಸು. 17 ವರ್ಷದ ಹುಡುಗಿ, ಗರ್ಭಿಣಿ, ಮನೆಯವರು "ಮದುವೆ ಆಗಿದೆ ಮೇಡಂ" ಎನ್ನುತ್ತಾರೆ, ಹುಡುಗಿಯೂ ಹುಡುಗನ ಪರವಾಗಿಯೇ ಮಾತಾಡುತ್ತಾಳೆ. ಈ ಒಂದು ಕೇಸಿಗೆ ಎಷ್ಟು ಕಾನೂನು ಗೊತ್ತಿರಬೇಕು ನೋಡಿ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕಾರ 18ರ ಒಳಗಿನವರ ಒಪ್ಪಿಗೆ ಲೆಕ್ಕಕ್ಕಿಲ್ಲ, ಗೊತ್ತಾದವರು 19ನೇ ಸೆಕ್ಷನ್ ಅಡಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಬಾಲ್ಯವಿವಾಹಕ್ಕೆ ಕರ್ನಾಟಕದ್ದೇ ತಿದ್ದುಪಡಿ ಇದೆ, ನಮ್ಮಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಗರ್ಭಪಾತ ಬೇಕೆಂದರೆ 2021ರ ತಿದ್ದುಪಡಿಯ ನಂತರ ಅಪ್ರಾಪ್ತರಿಗೆ 24 ವಾರದವರೆಗೆ ಅವಕಾಶ, 20 ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು, ಗುರುತು ಬರೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆ ಹುಡುಗಿಗೆ ಬೆಂಬಲ ವ್ಯಕ್ತಿ (ಕೇಸು ನಡೆಯುವಾಗ ಮಗುವಿನ ಜೊತೆಗಿದ್ದು ನೆರವಾಗುವವರು) ಸಿಕ್ಕಿದ್ದಾರಾ ಎಂದು ನೋಡುವುದು 2020ರ ಪೋಕ್ಸೊ ನಿಯಮಗಳ ವಿಷಯ. ಇದೆಲ್ಲ ನಾವು ಕಾಲೇಜಿನಲ್ಲಿ ಓದಿದ ನೋಟ್ಸ್‌ನಲ್ಲಿ ಎಲ್ಲಿತ್ತು?

ಕಾನೂನನ್ನು ವಾಟ್ಸಾಪ್ ಫಾರ್ವರ್ಡ್‌ನಿಂದ ಕಲಿಯಬೇಡಿ. ಇಂಡಿಯಾ ಕೋಡ್ ಜಾಲತಾಣದಲ್ಲಿ ಕಾಯ್ದೆ ಪುಕ್ಕಟೆ ಸಿಗುತ್ತದೆ, ಮೂಲವನ್ನೇ ಓದಿ. ಕಾಯ್ದೆ ಓದಿ ಅಲ್ಲಿಗೇ ನಿಲ್ಲಿಸಬೇಡಿ, ಅದನ್ನು ಹೇಗೆ ಜಾರಿ ಮಾಡಬೇಕು ಎಂದು ಹೇಳುವ ನಿಯಮಗಳನ್ನೂ ಓದಿ. ನಮ್ಮ ಕೆಲಸ ಇರುವುದು ಅಲ್ಲಿ. ಒಂದು ನೋಟ್‌ಬುಕ್ ಇಟ್ಟು, ಎಡಗಡೆ ಹಳೆಯದು, ಬಲಗಡೆ ಬದಲಾದದ್ದು ಎಂದು ಬರೆಯುತ್ತಾ ಹೋಗಿ. ದತ್ತು ಆದೇಶ ಕೊಡುವುದು ಈಗ ಕೋರ್ಟ್ ಅಲ್ಲ, 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿ. ಅಂಗವೈಕಲ್ಯದ ವಿಧಗಳು 7 ಇದ್ದದ್ದು 2016ರ ಕಾಯ್ದೆಯಲ್ಲಿ 21 ಆದವು. ರಾತ್ರಿ ಹೊತ್ತು ಯಾರಾದರೂ ಮನಸ್ಸು ಕೆಟ್ಟು ಫೋನ್ ಮಾಡಿದರೆ ಹೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416, ಇದು ನೋಟ್‌ಬುಕ್ಕಿನ ರಟ್ಟಿನ ಮೇಲೇ ಇರಲಿ.

ಓದಿ ಬರುವಂಥದ್ದು ಕಾನೂನು. ಮಾತಾಡಿಸುವ ಕಲೆ ಓದಿ ಬರುವುದಿಲ್ಲ, ಅದಕ್ಕೆ ತರಬೇತಿಯೇ ಬೇಕು. ಮಾನಸಿಕ ಆರೋಗ್ಯಕ್ಕೆ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ, ಮಕ್ಕಳ ವಿಷಯಕ್ಕೆ ಅದೇ ನಿಮ್ಹಾನ್ಸ್‌ನ ಸಂವಾದ್, ಪಂಚಾಯ್ತಿ ಮಟ್ಟದ ಕೆಲಸಕ್ಕೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ, ಮನೆಯಲ್ಲೇ ಕೂತು ಕಲಿಯಲು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂ. ಸೇರುವ ಮುಂಚೆ ಎರಡು ಪ್ರಶ್ನೆ ಕೇಳಿ: ಕಲಿಸುವವರು ಈಗಲೂ ಕೇಸ್ ನೋಡುತ್ತಾರಾ? ರೋಲ್ ಪ್ಲೇ (ಪಾತ್ರ ವಹಿಸಿ ಮಾತಾಡಿ ಅಭ್ಯಾಸ ಮಾಡುವುದು) ಇದೆಯಾ? ಎರಡಕ್ಕೂ ಇಲ್ಲ ಎಂದರೆ ಸುಮ್ನೆ ಸ್ಲೈಡ್ ನೋಡಿ ಊಟ ಮಾಡಿ ಬರುತ್ತೀರಿ.

ಇನ್ನೊಂದು ತೊಂದರೆ, ತರಬೇತಿ ಜಾಸ್ತಿ ಇಂಗ್ಲಿಷಿನಲ್ಲೇ ಇರುತ್ತದೆ. ಡಿಪ್ರೆಶನ್ ಎಂದು ಕಲಿತು ಬರುತ್ತೇವೆ, ಹಳ್ಳಿಯಲ್ಲಿ ಅಜ್ಜಿ "ಮನಸಿಗೆ ಬ್ಯಾಸರ, ನಿದ್ದಿ ಹತ್ತವಲ್ದು, ಅನ್ನ ಸೇರವಲ್ದು" ಎನ್ನುತ್ತಾಳೆ. ಅವಳು ಹೇಳಿದ್ದು ಅದೇ ಎಂದು ಹೊಳೆಯಬೇಕಲ್ಲ. "ಸಾಯಬೇಕು ಅನಿಸುತ್ತಾ ಅಜ್ಜಿ?" ಎಂದು ನೇರವಾಗಿ ಕೇಳಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ನಾವು ಹೆದರುವ ಹಾಗೆ, ಕೇಳಿದ್ದರಿಂದಲೇ ಆ ಯೋಚನೆ ಅವರ ತಲೆಗೆ ಬರುವುದಿಲ್ಲ, ಬದಲಿಗೆ ಮಾತು ಹೊರಬರುತ್ತದೆ. ತರಬೇತಿ ಮುಗಿದ ವಾರದಲ್ಲೇ, ಕಲಿತ ಐದು ಪ್ರಶ್ನೆಗಳನ್ನು ನಿಮ್ಮ ಊರಿನ ಕನ್ನಡದಲ್ಲಿ ಬರೆದು ಮನೆಯವರ ಮುಂದೆ ಗಟ್ಟಿಯಾಗಿ ಕೇಳಿ ನೋಡಿ. ಅವರು ನಕ್ಕರೆ ಪ್ರಶ್ನೆ ಇನ್ನೂ ಪುಸ್ತಕದ್ದೇ ಆಗಿದೆ ಎಂದರ್ಥ.

ಕೊನೆಯದು, ಖರ್ಚಿಲ್ಲದ್ದು. ತಿಂಗಳಿಗೊಂದು ಶನಿವಾರ ನಾಲ್ಕು ಜನ ಸೇರಿ, ಒಬ್ಬರು ಒಂದು ಕೇಸ್ ಹೇಳಲಿ, ಉಳಿದವರು ಬುದ್ಧಿ ಹೇಳದೆ ಮೊದಲ 15 ನಿಮಿಷ ಬರೀ ಪ್ರಶ್ನೆ ಕೇಳಲಿ. ಹೆಸರು ಬೇಡ, ಊರು ಬೇಡ, ಶಾಲೆ ಬೇಡ. ಗ್ರೂಪಿನಲ್ಲಿ ಮಗುವಿನ ಫೋಟೊ, ಎಫ್‌ಐಆರ್ ಪ್ರತಿ ಹಾಕುವ ಚಾಳಿ ನಮ್ಮವರಲ್ಲೂ ಇದೆ, ಮಗುವಿನ ಗುರುತು ಬಯಲು ಮಾಡುವುದನ್ನು ನಿಷೇಧಿಸುವ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಓದಿದರೆ ಬೆವರು ಬರುತ್ತದೆ. ನಮ್ಮ ಮೊದಲ ಶನಿವಾರ ಬಂದದ್ದು ಇಬ್ಬರೇ, ಅದರಲ್ಲಿ ಒಬ್ಬರು ಹೋಮ್ ವಿಸಿಟ್ ಮುಗಿಸಿ ಒಂದು ಗಂಟೆ ತಡವಾಗಿ. ಆದರೂ ಕೇಸ್ ಮಾತಾಡಿಯೇ ಎದ್ದೆವು.