ರೀಲೋಡಿಂಗ್ ಶುರು ಮಾಡುವ ಕನ್ನಡಿಗರಿಗೆ: ಪ್ರೈಮರ್‌ಗಳನ್ನು ಬೆರೆಸಬೇಡಿ

ಅಮೆರಿಕದಲ್ಲಿ ನೆಲೆ ನಿಂತ ಮೇಲೆ ಪಿಸ್ತೂಲ್ ಶೂಟಿಂಗ್ ಹಿಡಿಸಿಕೊಂಡ ನಮ್ಮವರು ಬೇಗನೆ ರೀಲೋಡಿಂಗ್ ಕಡೆಗೆ ಬರುತ್ತಾರೆ. ರೇಂಜಿನಲ್ಲಿ ಹಾರಿಸಿದ ಹಿತ್ತಾಳೆ ಕೇಸುಗಳನ್ನು ಆಯ್ದು ತಂದು, ಹೊಸ ಪ್ರೈಮರ್, ಮದ್ದು, ಬುಲೆಟ್ ಹಾಕಿ ಮತ್ತೆ ತೋಟೆ ಮಾಡಿಕೊಳ್ಳುವ ಕೆಲಸ ಇದು. ಪ್ರೈಮರ್ ಎಂದರೆ ಕೇಸಿನ ತಳದಲ್ಲಿ ಕೂರುವ ಪುಟ್ಟ ಲೋಹದ ಬಟ್ಟಲು; ಬಂದೂಕಿನ ಫೈರಿಂಗ್ ಪಿನ್ ಬಡಿದಾಗ ಅದು ಸಿಡಿದು ಮದ್ದಿಗೆ ಬೆಂಕಿ ಹೊತ್ತಿಸುತ್ತದೆ. ಕಲಿಯಲು ಬಂದವರೆಲ್ಲ ಮೊದಲು ಕೇಳುವುದು ಮದ್ದಿನ ಬಗ್ಗೆ. ನಾನು ಪ್ರೈಮರಿನಿಂದ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಮನೆಯ ಅಭ್ಯಾಸಗಳು ಅಲ್ಲೇ ನಮಗೆ ಕೈಕೊಡುತ್ತವೆ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಎಚ್-1ಬಿ, ಎಫ್-1, ಎಲ್-1ರಂಥ ವೀಸಾದಲ್ಲಿರುವವರು ಬಂದೂಕನ್ನಷ್ಟೇ ಅಲ್ಲ, ಗುಂಡನ್ನು ಇಟ್ಟುಕೊಳ್ಳುವುದೂ ಸಾಮಾನ್ಯವಾಗಿ ಫೆಡರಲ್ ಅಪರಾಧ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ, ಆದರೆ ವಕೀಲರನ್ನು ಕೇಳದೆ ಅವನ್ನು ನಂಬಿಕೊಳ್ಳಬೇಡಿ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಸ್ವಂತಕ್ಕೆ ರೀಲೋಡ್ ಮಾಡಲು ಫೆಡರಲ್ ಲೈಸೆನ್ಸ್ ಬೇಡ, ವ್ಯಾಪಾರಕ್ಕೆ ಬೇಕು. ರಾಜ್ಯದ ನಿಯಮ ಬೇರೆ ಇರುತ್ತದೆ, ನೋಡಿಕೊಳ್ಳಿ.

ಈಗ ಪ್ರೈಮರ್. ಅರ್ಧ ಉಳಿದ ಎರಡು ಬೇಳೆ ಪೊಟ್ಟಣಗಳನ್ನು ಒಂದೇ ಡಬ್ಬಿಗೆ ಸುರಿದು ಕಪಾಟಿನಲ್ಲಿ ಜಾಗ ಮಾಡುವವರು ನಾವು. ಅದೇ ಕೈ ಗ್ಯಾರೇಜಿನಲ್ಲೂ ಹಾಗೇ ಹೋಗುತ್ತದೆ: ಸಿಸಿಐ ಕಂಪನಿಯ ತಟ್ಟೆಯಲ್ಲಿ ಉಳಿದ ಒಂದಿಷ್ಟು ಪ್ರೈಮರ್, ವಿಂಚೆಸ್ಟರ್ ಕಂಪನಿಯವು ಒಂದಿಷ್ಟು, ಎರಡನ್ನೂ ಸೇರಿಸಿ ಒಂದು ಗಾಜಿನ ಬಾಟಲಿಗೆ. ದಯವಿಟ್ಟು ಇದನ್ನು ಮಾಡಬೇಡಿ. ಪ್ರೈಮರಿನ ಪುಟ್ಟ ಬಟ್ಟಲಿನಲ್ಲಿರುವುದು ಲೆಡ್ ಸ್ಟಿಫ್ನೇಟ್ ಸೇರಿದ ಸ್ಫೋಟಕ. ಪೆಟ್ಟು, ಉಜ್ಜಾಟ, ಸ್ಥಿರ ವಿದ್ಯುತ್ತಿನ ಒಂದು ಕಿಡಿ, ಯಾವುದಾದರೂ ಒಂದು ಅದು ಸಿಡಿಯಲು ಸಾಕು. ಬಿಡಿಯಾಗಿ ಒಟ್ಟಿಗೆ ಬಿದ್ದಿದ್ದರೆ ಒಂದು ಸಿಡಿದಾಗ ಉಳಿದವೂ ಸಿಡಿಯುತ್ತವೆ, ಬಾಟಲಿಯ ಗಾಜು ಚೂರಾಗಿ ಹಾರುತ್ತದೆ. ಕಂಪನಿಯವರು ಒಂದೊಂದನ್ನೂ ಬೇರೆ ಬೇರೆ ಗುಳಿಯಲ್ಲಿ ಕೂರಿಸಿ ಕಳಿಸುವುದು ಇದಕ್ಕೇ. ಫೆಡರಲ್ ಕಂಪನಿಯ ಪೆಟ್ಟಿಗೆ ಬೇರೆಯವರದಕ್ಕಿಂತ ಅಷ್ಟು ದೊಡ್ಡದಾಗಿರುವುದು ಏಕೆ ಎಂದು ಹಲವರು ಕೇಳಿದ್ದಾರೆ. ಅವರು ಪ್ರೈಮರ್‌ಗಳ ನಡುವೆ ಹೆಚ್ಚು ಅಂತರ ಬಿಡುತ್ತಾರೆ, ಅಷ್ಟೇ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಪೆಟ್ಟಿಗೆಯಿಂದ ಹೊರಬಿದ್ದ ಪ್ರೈಮರಿಗೆ ಗುರುತಿರುವುದಿಲ್ಲ. ಬೆಳ್ಳಿ ಬಣ್ಣ, ಹಿತ್ತಾಳೆ ಬಣ್ಣ ನೋಡಿ ಕಂಪನಿ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ವಿಂಚೆಸ್ಟರ್ ಎರಡೂ ಬಣ್ಣದಲ್ಲಿ ಬಂದಿದೆ. ಸ್ಮಾಲ್ ಪಿಸ್ತೂಲ್, ಸ್ಮಾಲ್ ಪಿಸ್ತೂಲ್ ಮ್ಯಾಗ್ನಮ್, ಸ್ಮಾಲ್ ರೈಫಲ್ ಈ ಮೂರರ ವ್ಯಾಸವೂ ಒಂದೇ, 0.175 ಇಂಚು. ಅಂಗೈಯಲ್ಲಿಟ್ಟುಕೊಂಡು ದೀಪದ ಕೆಳಗೆ ಎಷ್ಟು ತಿರುಗಿಸಿ ನೋಡಿದರೂ ಅವು ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ತೋಟೆಯೊಳಗೆ ಹಾಗಲ್ಲ. ಮ್ಯಾಗ್ನಮ್ ಪ್ರೈಮರಿನ ಜ್ವಾಲೆ ಜೋರು. ಸಾದಾ ಪ್ರೈಮರಿಗೆಂದು ಗರಿಷ್ಠ ಮಟ್ಟದ ಹತ್ತಿರ ಅಳೆದಿಟ್ಟ ಮದ್ದಿಗೆ ಅದನ್ನು ಹಾಕಿದರೆ ಒತ್ತಡ ಮಿತಿ ಮೀರಬಹುದು. ರೈಫಲ್ ಪ್ರೈಮರಿನ ಬಟ್ಟಲು ದಪ್ಪ, ಪಿಸ್ತೂಲಿನ ಫೈರಿಂಗ್ ಪಿನ್ ಹೊಡೆದರೂ ಸಿಡಿಯದೆ ಉಳಿಯಬಹುದು.

ಮ್ಯಾಗ್ನಮ್ ಅಲ್ಲದ ಪ್ರೈಮರ್‌ಗಳಲ್ಲೂ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ. ಸ್ಮಾಲ್ ಪಿಸ್ತೂಲ್ ಪ್ರೈಮರ್‌ಗಳಲ್ಲೇ ಫೆಡರಲ್ ಕಂಪನಿಯ 100 ನಂಬರಿನದರ ಬಟ್ಟಲು ಮೆತ್ತಗೆ, ಸಿಸಿಐನ 500 ನಂಬರಿನದ್ದು ಗಟ್ಟಿ ಎಂಬುದು ರೀಲೋಡ್ ಮಾಡುವವರೆಲ್ಲರ ಅನುಭವ. ಸ್ಪ್ರಿಂಗ್ ಹಗುರ ಮಾಡಿಸಿ ಪಿನ್ನಿನ ಪೆಟ್ಟು ಮೆದುವಾದ ರಿವಾಲ್ವರಿನಲ್ಲಿ ಫೆಡರಲ್ ಒಂದೂ ತಪ್ಪದೆ ಹಾರುತ್ತದೆ, ಸಿಸಿಐ ನಡುನಡುವೆ ಹಾರದೆ ನಿಲ್ಲುತ್ತದೆ. ಎರಡನ್ನೂ ಬೆರೆಸಿದ ಪೆಟ್ಟಿಗೆ ತೆಗೆದುಕೊಂಡು ಹೋದಿರೋ, ತೊಂದರೆ ಬಂದೂಕಿನದೋ, ಪ್ರೈಮರಿನದೋ, ಅದನ್ನು ಕೇಸಿನೊಳಗೆ ಪೂರ್ತಿ ಒತ್ತದೆ ಬಿಟ್ಟ ನಿಮ್ಮ ಕೈಯದೋ ಎಂದು ಪತ್ತೆ ಹಚ್ಚಲು ದಾರಿಯೇ ಇರುವುದಿಲ್ಲ. ಒತ್ತಿದ ಪ್ರೈಮರ್ ಕೇಸಿನ ತಳಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು, ಇಂಚಿನ ಸಾವಿರದಲ್ಲಿ ಮೂರರಿಂದ ಐದು ಭಾಗ. ಪ್ರತಿ ತೋಟೆಯ ತಳವನ್ನೂ ಬೆರಳ ತುದಿಯಿಂದ ಸವರಿ ನೋಡಿ. ಉಬ್ಬು ಸಿಕ್ಕರೆ ಅದನ್ನು ಪಕ್ಕಕ್ಕಿಡಿ.

ಹಾಗಾದರೆ ಬ್ರ್ಯಾಂಡ್ ಬದಲಿಸಲೇಬಾರದೇ? ಬದಲಿಸಬಹುದು. 2020ರ ನಂತರ ಪ್ರೈಮರಿನ ಬರ ಬಂದಾಗ ಸಿಕ್ಕಿದ್ದನ್ನು ಕೊಳ್ಳದೆ ಯಾರಿಗೂ ಗತಿ ಇರಲಿಲ್ಲ. ಆದರೆ ಬದಲಿಸಿದ ದಿನ ಹೊಸ ಲೆಕ್ಕ: ಮದ್ದಿನ ಅಳತೆ ಕೊಡುವ ಲೋಡಿಂಗ್ ಪುಸ್ತಕದ ಆರಂಭದ ಅಳತೆಗೆ ಇಳಿದು, ಅಲ್ಲಿಂದ ಸ್ವಲ್ಪಸ್ವಲ್ಪವೇ ಮೇಲೆ ಬನ್ನಿ. ಒಂದು ಪೆಟ್ಟಿಗೆ ತೋಟೆಯಲ್ಲಿ ಒಂದೇ ಕಂಪನಿಯ, ಒಂದೇ ನಮೂನೆಯ, ಸಾಧ್ಯವಾದರೆ ಒಂದೇ ಲಾಟಿನ, ಅಂದರೆ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ, ಪ್ರೈಮರ್ ಇರಲಿ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಪೆಟ್ಟಿಗೆ. ಗುರುತು ತಪ್ಪಿದ ಪ್ರೈಮರ್ ಸಿಕ್ಕರೆ ದುಡ್ಡು ಕೊಟ್ಟದ್ದಲ್ಲವೇ ಎಂದು ಬಳಸಬೇಡಿ, ಕಸಕ್ಕೂ ಎಸೆಯಬೇಡಿ. ಊರಿನ ಅಗ್ನಿಶಾಮಕ ದಳದವರಿಗೆ ಫೋನ್ ಮಾಡಿ ಏನು ಮಾಡಬೇಕೆಂದು ಕೇಳಿ.

ರೇಂಜಿನಲ್ಲಿ ಪಕ್ಕದವರು ತಾವು ಮಾಡಿದ ತೋಟೆ ಕೊಡಲು ಬಂದರೆ ಬೇಡ ಎನ್ನಿ; ಅದರೊಳಗೆ ಯಾವ ಪ್ರೈಮರ್, ಎಷ್ಟು ಮದ್ದು ಇದೆ ಎಂದು ನಿಮಗೆ ಗೊತ್ತಿಲ್ಲ. ಕೊಟ್ಟದ್ದನ್ನು ಬೇಡವೆಂದರೆ ಮನಸ್ಸು ನೋಯುತ್ತದೆ ಎಂದು ಬೆಳೆದ ನಮಗೆ ಇದು ಕಷ್ಟ. ಈ ಹವ್ಯಾಸದಲ್ಲಿ ಬೇಡ ಎಂದವರ ಮೇಲೇ ಗೌರವ ಹೆಚ್ಚು. ಇಲ್ಲಿನ ಹಳಬರು ನನ್ನನ್ನು ತಮ್ಮವನೆಂದು ಕಂಡದ್ದು ನಾನು ಅವರ ಹಾಗೆ ಮಾತಾಡಿದ್ದಕ್ಕಲ್ಲ. ಪ್ರತಿ ಪೆಟ್ಟಿಗೆಯ ಮೇಲೆ ಪ್ರೈಮರ್, ಮದ್ದು, ತೂಕ, ತಾರೀಕು ಬರೆದದ್ದನ್ನು ಅವರು ನೋಡಿದರು.

ಮನೆಯ ಮಾತು ಇನ್ನೂ ಮುಖ್ಯ. ನಮ್ಮ ಮನೆಗಳಲ್ಲಿ ಬಂದವರು ಯಾವ ಕೋಣೆಗಾದರೂ ಹೋಗುತ್ತಾರೆ. ಆರು ತಿಂಗಳಿಗೆಂದು ಬಂದ ಅಮ್ಮ ಸುಮ್ಮನೆ ಕೂರಲಾರದೆ ಗ್ಯಾರೇಜು ಗುಡಿಸುತ್ತಾರೆ, ವ್ಯಾಕ್ಯೂಮ್ ಹಾಕುತ್ತಾರೆ. ನೆಲದಲ್ಲಿ ಉರುಳಿದ ಪ್ರೈಮರನ್ನು ವ್ಯಾಕ್ಯೂಮ್ ಎಳೆದುಕೊಂಡರೆ ಒಳಗೇ ಸಿಡಿಯಬಹುದು. ಆದ್ದರಿಂದ ಕೆಲಸ ಮುಗಿದೊಡನೆ ಎಣಿಸಿ, ಬಿದ್ದದ್ದನ್ನು ಕೈಯಲ್ಲೇ ಹೆಕ್ಕಿ, ಕೋಣೆಗೆ ಬೀಗ ಹಾಕಿ. ಹಾರಿಸಿದ ಕೇಸಿನ ಮಸಿಯಲ್ಲಿ ಸೀಸವಿರುತ್ತದೆ. ಆ ಮೇಜಿನಲ್ಲಿ ತಿಂಡಿ, ಕಾಫಿ ಬೇಡ; ಕೈ ತೊಳೆದು, ಅಂಗಿ ಬದಲಿಸಿ ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ರಕ್ತದ ಸೀಸದ ಪರೀಕ್ಷೆ ಮಾಡಿಸಲು ಡಾಕ್ಟರನ್ನು ಕೇಳಿ.

ರೀಲೋಡ್ ಮಾಡಿದ ತೋಟೆಗಳ ಲೆಕ್ಕದ ನೋಟುಪುಸ್ತಕ ನಾನು ಬಹಳ ಕಾಲ ಕನ್ನಡದಲ್ಲೇ ಬರೆದೆ. ದಿನದಲ್ಲಿ ಕನ್ನಡ ಅಕ್ಷರ ಮೂಡುತ್ತಿದ್ದ ಜಾಗ ಅದೊಂದೇ ಆಗಿತ್ತು, ಅದರಲ್ಲಿ ನನಗೊಂದು ಸುಖವಿತ್ತು. ಮಗಳು ದೊಡ್ಡವಳಾಗಿ ಜೊತೆಗೆ ಕೂರಲು ಶುರು ಮಾಡಿದಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ನನಗೇನಾದರೂ ಆದರೆ ಕಪಾಟಿನಲ್ಲಿರುವುದು ಏನೆಂದು ತಿಳಿಯಬೇಕಾದವಳು ಅವಳೇ. ಈಗ ಲೇಬಲ್ಲೂ ಪುಸ್ತಕವೂ ಇಂಗ್ಲಿಷಿನಲ್ಲಿವೆ. ನನಗೆ ಅದು ಸಂಕಟವೇ. ನಿಮ್ಮ ಮಕ್ಕಳು ಇನ್ನೂ ಚಿಕ್ಕವರಾಗಿದ್ದರೆ ಅಕ್ಷರ ಈಗಲೇ ಕಲಿಸಿ. ಅಲ್ಲಿಯವರೆಗೆ ಲೇಬಲ್ ಮನೆಯವರೆಲ್ಲ ಓದಬಲ್ಲ ಲಿಪಿಯಲ್ಲಿರಲಿ, ಪ್ರೈಮರ್ ಕಂಪನಿಯ ಹೆಸರು ಮೊದಲ ಸಾಲಿನಲ್ಲೇ ಇರಲಿ.