ನೆಟ್ ಎಷ್ಟು ಜೋರು? ಮನೆಯಲ್ಲೇ ಅಳೆದು ನೋಡಿ

ಕೊಪ್ಪಳದ ನಮ್ಮ ಓಣಿಯ ಹುಡುಗನೊಬ್ಬ ಮೊನ್ನೆ ಸಿಟ್ಟಿನಲ್ಲೇ ಬಂದ. ‘100 ಎಂಬಿಪಿಎಸ್ ಪ್ಲಾನಿಗೆ ರೊಕ್ಕ ಕಟ್ಟೀನ್ರಿ ಸರ, ಡೌನ್‌ಲೋಡ್ ಹಚ್ಚಿದ್ರ 12ರ ಮ್ಯಾಲೆ ಹೋಗವಲ್ದು’ ಅಂದ.

ಅವನಿಗೆ ಮೋಸ ಆಗಿರಲಿಲ್ಲ. ಪ್ಲಾನಿನ ಅಂಕಿ ಬಿಟ್ ಲೆಕ್ಕದ್ದು, ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ. ಡೌನ್‌ಲೋಡ್ ಆಗುವಾಗ ಕಾಣುವುದು ಸಾಮಾನ್ಯವಾಗಿ ಬೈಟ್ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ ಮೊದಲು ನಿಮ್ಮ ಪ್ಲಾನಿನ ಅಂಕಿಯನ್ನು 8ರಿಂದ ಭಾಗಿಸಿ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್ (ಎಂಬಿ), ಅಷ್ಟೇ. ಡೌನ್‌ಲೋಡಿನಲ್ಲಿ ಕಂಡ ಎಂಬಿ ಅಂಕಿಯನ್ನು 8ರಿಂದ ಗುಣಿಸಿದರೆ ಮತ್ತೆ ಎಂಬಿಪಿಎಸ್.

ಈಗ ಅಳತೆಗೆ ಒಂದೇ ಫೈಲು ಇಟ್ಟುಕೊಳ್ಳಿ. ಸುಮಾರು 1 ಜಿಬಿ ಇರಲಿ. 100 ಎಂಬಿಪಿಎಸ್‌ನಲ್ಲಿ ಅದು 80 ಸೆಕೆಂಡಿಗೆ ಇಳಿಯಬೇಕು. 40ರಲ್ಲಿ 3 ನಿಮಿಷ 20 ಸೆಕೆಂಡು. 10ರಲ್ಲಿ 13 ನಿಮಿಷ ದಾಟುತ್ತದೆ. ಫೋನ್ ಲೈನಿನಲ್ಲಿ ಕಿರ್ರ್ ಅಂತ ಕೂಗುತ್ತಿದ್ದ ಹಳೇ 56 ಕೆಬಿಪಿಎಸ್ ಮೋಡೆಮ್ ಆಗಿದ್ದರೆ? ಹತ್ತಿರ ಹತ್ತಿರ 40 ತಾಸು!

ಮೊದಲ ಅಳತೆ ವೈರಿನಲ್ಲೇ ಆಗಲಿ. ರೂಟರಿನಿಂದ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕಿ, ಮನೆಯ ಉಳಿದ ಫೋನು, ಟೀವಿಗಳ ವೈಫೈ ಆಫ್ ಮಾಡಿ. ನಿಮ್ಮ ಕನೆಕ್ಷನ್ನಿನ ನಿಜವಾದ ತಾಕತ್ತು ಇದೇ. ಪ್ಲಾನು 200 ಇದ್ದರೂ 94–95 ಎಂಬಿಪಿಎಸ್‌ಗೇ ನಿಂತರೆ ಕಂಪನಿಯನ್ನು ಬಯ್ಯಬೇಡಿ. ರೂಟರಿನ ಪೋರ್ಟು 100 ಎಂಬಿಪಿಎಸ್ ದಾಟದ ಹಳೇ ಕಾಲದ್ದಿರಬಹುದು, ಕೇಬಲ್ಲೂ ಕಾರಣ ಇರಬಹುದು. ಟೆಲಿಫೋನಿನ ತಾಮ್ರದ ತಂತಿಯ ಕನೆಕ್ಷನ್ ಇದ್ದವರಿಗೆ ಎಕ್ಸ್‌ಚೇಂಜ್ ದೂರ ಆದಷ್ಟೂ ಸ್ಪೀಡು ಇಳಿಯುತ್ತದೆ. ಫೈಬರಿಗೆ ಊರೊಳಗಿನ ದೂರ ಒಂದು ಲೆಕ್ಕವೇ ಅಲ್ಲ.

ಆಮೇಲೆ ವೈಫೈ. ಜಗಳ ಇರುವುದೇ ಇಲ್ಲಿ. ನಮ್ಮದು ಹಳೇ ಮಾಳಿಗೆ ಮನೆ, ಕಲ್ಲಿನ ಗೋಡೆ ಎರಡಡಿ ದಪ್ಪ. ಪಡಸಾಲೆಯ ಗೋಡೆಗೂಡಿನಲ್ಲಿ ದೀಪ ಇಟ್ಟ ಹಾಗೆ ರೂಟರ್ ಇಟ್ಟಿದ್ದೆವು. ವೈರಿನಲ್ಲಿ 94 ಬಂದದ್ದು ಅಡುಗೆಮನೆಯಲ್ಲಿ ವೈಫೈ ಹಿಡಿದರೆ 11! ಹಾಗಾಗಿ ರೂಟರಿನ ಎದುರು ಒಮ್ಮೆ, ನೀವು ದಿನಾ ಕೂರುವ ಜಾಗದಲ್ಲಿ ಒಮ್ಮೆ ಅಳೆಯಿರಿ. ವೈಫೈ ಹೆಸರಿನ ಕೊನೆಗೆ 5ಜಿ ಅಂತ ಇದ್ದರೆ ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್. ಹತ್ತಿರದಲ್ಲಿ ಬಲು ಜೋರು, ಗೋಡೆ ಅಡ್ಡ ಬಂದರೆ ಸುಸ್ತು. 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತದೆ.

ಮೊಬೈಲ್ ಡೇಟಾ ಅಳೆಯುವಾಗ ಹಾಟ್‌ಸ್ಪಾಟ್ ಬೇಡ, ಫೋನಿನಲ್ಲೇ ನೋಡಿ. ದಿನಕ್ಕೆ 1.5 ಜಿಬಿ ಪ್ಲಾನಿನವರು 1 ಜಿಬಿ ಫೈಲು ಇಳಿಸಲು ಹೋಗಬೇಡಿ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಸಾಕು. ಅದೂ ಸುಮ್ನೆ ಅಳೆಯುವುದಿಲ್ಲ, ಸ್ವಲ್ಪ ಡೇಟಾ ತಿನ್ನುತ್ತದೆ. ಟವರಿನ ಸ್ಪೀಡನ್ನು ಅಲ್ಲಿರುವ ಎಲ್ಲರೂ ಹಂಚಿಕೊಳ್ಳಬೇಕು. ಗವಿಮಠದ ಜಾತ್ರೆಯ ದಿನ ತೇರಿನ ಫೋಟೊ ಕಳಿಸಲು ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ. ಬೆಳಿಗ್ಗೆ 6ಕ್ಕೆ ಮತ್ತು ರಾತ್ರಿ 9ಕ್ಕೆ ಮೂರು ಮೂರು ಸಲ ಅಳೆದು, ನಡುವಿನ ಅಂಕಿಯನ್ನು ಬರೆದುಕೊಳ್ಳಿ. ರಾತ್ರಿ ಎಲ್ಲರೂ ವಿಡಿಯೊ ಹಚ್ಚುವ ಹೊತ್ತು, ಲೈನಿನ ಬಣ್ಣ ಬಯಲಾಗುವುದು ಆಗಲೇ. ವೈರಿನಲ್ಲೇ ಕಡಿಮೆ ಬಂದರೆ ಆ ಚೀಟಿ ಹಿಡಿದು ದೂರು ಕೊಡಿ. ವೈರಿನಲ್ಲಿ ಸರಿಯಿದ್ದು ವೈಫೈ ಮಾತ್ರ ಸೊರಗಿದ್ದರೆ ದೂರು ಬೇಡ, ರೂಟರಿನ ಜಾಗ ಬದಲಿಸಿ. ನಾವು ಅದನ್ನು ಗೂಡಿನಿಂದ ತೆಗೆದು ನಡುಬಾಗಿಲ ಮೇಲಿನ ಹಲಗೆಗೆ ಏರಿಸಿದೆವು. ಅಡುಗೆಮನೆಯಲ್ಲಿ ಈಗ 38 ಬರುತ್ತದೆ. ಗೂಡಿಗೆ ದೀಪ ವಾಪಸು ಬಂತು.