ಕೌದಿಯ ಅಂಚು ಅಲೆಯಾಗದೆ ಕೂತದ್ದು ಹೀಗೆ

ನಾನು ಹೊಲಿದ ಮೊದಲ ಮೂರು ಕೌದಿಗಳೂ ಒಂದಲ್ಲ ಒಂದು ರೀತಿಯಲ್ಲಿ ಅಂಚಿನಲ್ಲೇ ಕೆಟ್ಟವು. ನಡುವಿನ ಹೊಲಿಗೆ ಚೆನ್ನಾಗಿತ್ತು, ತುಂಡುಗಳ ಜೋಡಣೆಯೂ ಸರಿಯಿತ್ತು. ನೆಲಕ್ಕೆ ಹಾಸಿದರೆ ಮಾತ್ರ ಬದಿಗಳು ಅಲೆ ಅಲೆಯಾಗಿ ಏಳುತ್ತಿದ್ದವು. ನಾಲ್ಕನೆಯದು ಚಪ್ಪಟೆಯಾಗಿ ಕೂತಿದೆ. ದಾರ ಎಳೆದು ಅಂಚನ್ನು ಕುಗ್ಗಿಸ್ತೀನಿ ಅಂದಾಗ ಜೊತೆಗೆ ಹೊಲಿಯುವವರು ಯಾರೂ ಒಪ್ಪಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಕ್ಕೆ ಅಸ್ತರನ್ನೇ, ಅಂದರೆ ಹಿಂಬದಿಯ ಬಟ್ಟೆಯನ್ನೇ, ಮುಂದಕ್ಕೆ ಮಡಚಿ ಹೊಲಿದಿದ್ದೆ. ಕೆಲಸ ಬೇಗ ಮುಗಿಯುತ್ತೆ, ಬಟ್ಟೆಯೂ ಉಳಿಯುತ್ತೆ. ಆದರೆ ಅಂಚಿನ ಮೇಲೆ ಬರುವುದು ಒಂದೇ ಪದರ. ವರ್ಷ ತುಂಬುವ ಮೊದಲೇ ಅದು ಸವೆದು ಒಳಗಿನ ಹತ್ತಿ ಇಣುಕಿತು. ಎರಡನೆಯದಕ್ಕೆ ರೆಡಿಮೇಡ್ ಬಯಾಸ್ ಟೇಪ್ (ಅಂಚಿಗೆ ಹೊಲಿಯುವ, ಓರೆಯಾಗಿ ಕತ್ತರಿಸಿದ ಪಟ್ಟಿ) ತಂದೆ. ಮೇಲ್ಬಟ್ಟೆಗೆ ಆದ ಖರ್ಚಿನ ಅರ್ಧದಷ್ಟು ಆ ಟೇಪಿಗೇ ಹೋಯಿತು. ಒಗೆದ ಮೇಲೆ ಕೌದಿ ಕುಗ್ಗಿತು, ಪಾಲಿಯೆಸ್ಟರ್ ಬೆರೆತ ಟೇಪ್ ಕುಗ್ಗಲಿಲ್ಲ. ಬಿಚ್ಚಿ ಎಸೆದೆ. ಮೂರನೆಯದರ ಅಂಚನ್ನು ಕೂಲಿ ಕೊಟ್ಟು ಹೊಲಿಸಿದೆ. ಅವರು ಅಂಚನ್ನು ಎಳೆದು ಹಿಡಿದು ಹೊಲಿದಿದ್ದರು, ಅಲೆ ಇನ್ನೂ ಜಾಸ್ತಿ ಆಯಿತು. ಕೂಲಿಯೂ ಹೋಯಿತು, ಬಿಚ್ಚುವುದಕ್ಕೆ ನನ್ನ ಎರಡು ಸಂಜೆಯೂ ಹೋಯಿತು.

ನಾಲ್ಕನೆಯದರ ಅಂಚಿಗೆ ಕೈ ಹಚ್ಚುವ ಮೊದಲು ಸುಮ್ನೆ ಅಳತೆ ಟೇಪ್ ಹಿಡಿದು ಅಳೆಯುತ್ತಾ ಕೂತೆ. ಸುಮಾರು 60ಕ್ಕೆ 80 ಇಂಚಿನ ಕೌದಿ. ಉದ್ದವನ್ನು ನಡುವೆ ಅಳೆದರೆ 80, ಅಂಚಿನಲ್ಲಿ ಅಳೆದರೆ ಹತ್ತಿರ ಹತ್ತಿರ 81 ಮುಕ್ಕಾಲು. ನಡುವೆ ಹೊಲಿಗೆ ಒತ್ತಾಗಿ ಬಿದ್ದು ಬಟ್ಟೆಯನ್ನು ಒಳಗೆ ಎಳೆದುಕೊಂಡಿತ್ತು. ಅಂಚಿನಲ್ಲಿ ಹೊಲಿಗೆ ವಿರಳ, ಬಟ್ಟೆ ಸಡಿಲ. ಮಿಕ್ಕ ಆ ಬಟ್ಟೆ ಎಲ್ಲಿಗೆ ಹೋಗಬೇಕು? ಅಲೆಯಾಗಿ ಏಳಲೇಬೇಕು ಅಲ್ವಾ?

ಹಾಗಾಗಿ ಅಂಚು ಮುಚ್ಚುವ ಪಟ್ಟಿ ಮುಟ್ಟುವ ಮೊದಲೇ, ಅಂಚಿನಿಂದ 3 ಮಿ.ಮೀ. ಒಳಗೆ, ಮೇಲ್ಬಟ್ಟೆ, ಹತ್ತಿ, ಅಸ್ತರು ಮೂರೂ ಪದರ ಸೇರಿಸಿ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿದೆ. ಬದಿಗೊಂದು ದಾರ, ಮೂಲೆಯಲ್ಲಿ ಗಂಟು. ಆಮೇಲೆ ಅಂಚಿನ ಅಳತೆ 80ಕ್ಕೆ ಇಳಿಯುವ ತನಕ ದಾರವನ್ನು ಮೆಲ್ಲಗೆ ಎಳೆದೆ, ಸುಕ್ಕನ್ನು ಬೆರಳಲ್ಲಿ ಹಂಚುತ್ತಾ ಹೋದೆ. ಬದಿಯನ್ನು ನಾಲ್ಕು ಭಾಗ ಮಾಡಿ ಚಾಕಿನಲ್ಲಿ ಗುರುತು ಹಾಕಿಕೊಂಡರೆ ಸುಕ್ಕೆಲ್ಲ ಒಂದೇ ಕಡೆ ಸೇರುವುದಿಲ್ಲ. "ಮಡಿಕೆ ಕಾಣುತ್ತೆ ನೋಡು" ಅಂದವರೇ ಎಲ್ಲ. ಕಾಣಲಿಲ್ಲ. ಕುಗ್ಗಿಸಬೇಕಾದದ್ದು ಅಡಿಗೆ ಕಾಲಿಂಚು ಅಷ್ಟೇ, ಒಳಗಿನ ಹತ್ತಿ ಅದನ್ನು ನುಂಗಿಕೊಂಡಿತು. ಆ ದಾರ ಪಟ್ಟಿಯೊಳಗೇ ಉಳಿಯಬೇಕು, ತೆಗೆಯಬಾರದು. ಎಳೆದಾಗ ಕಡಿಯದ ಹಾಗೆ ದಾರಕ್ಕೆ ಏನು ಸವರುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪಟ್ಟಿಯಲ್ಲೂ ಒಂದು ಪೆಟ್ಟು ತಿಂದೆ. ಎರಡೂವರೆ ಇಂಚು ಅಗಲ ಕತ್ತರಿಸಿ, ಉದ್ದಕ್ಕೆ ಮಡಚಿ ಎರಡು ಪದರ ಮಾಡಿಕೊಳ್ಳುವುದು ನನ್ನ ರೂಢಿ. ಸುತ್ತಳತೆ 280 ಇಂಚು. ಬಟ್ಟೆಯ ಅಗಲದಷ್ಟೇ ಉದ್ದದ, 42 ಇಂಚಿನ ಏಳು ಪಟ್ಟಿ ಸೇರಿದರೆ 294, ಸಾಕು ಅಂದುಕೊಂಡೆ. ಓರೆಯಾಗಿ ಜೋಡಿಸುವಾಗ ಪ್ರತಿ ಜೋಡಣೆಗೂ ಎರಡೂವರೆ ಇಂಚು ಹೋಗುತ್ತದೆ ಅನ್ನುವುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೊನೆಯ ಮೂಲೆಯಲ್ಲಿ ಪಟ್ಟಿ ಕಡಿಮೆ ಬಿತ್ತು! ಅದೇ ಬಣ್ಣದ ಬಟ್ಟೆ ಮತ್ತೆ ಸಿಗಲಿಲ್ಲ. ಇಡೀ ಪಟ್ಟಿ ಬಿಚ್ಚಿ ಹೊಸ ಬಟ್ಟೆಗೆ ದುಡ್ಡು ಹಾಕಿದೆ. ಈಗ ಯಾವಾಗಲೂ ಎಂಟು ಪಟ್ಟಿ. ಅರ್ಧ ಮೀಟರಿಗಿಂತ ಒಂಚೂರು ಜಾಸ್ತಿ ಬಟ್ಟೆ ತಂದರೆ ಆಗುತ್ತೆ.

ಮೂಲೆ ಮಡಚುವುದು ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ಮುಂಭಾಗಕ್ಕೆ ಮಿಷನ್, ಹಿಂಭಾಗಕ್ಕೆ ಕೈ ಹೆಮ್ಮಿಂಗ್. ಮೊಳಕ್ಕಿಂತ ಉದ್ದದ ದಾರ ತೆಗೆದುಕೊಂಡರೆ ಸಿಕ್ಕಾಗುತ್ತೆ. ಸೂಜಿ ಪಟ್ಟಿಯ ಮಡಿಕೆಯೊಳಗೇ ಓಡಬೇಕು, ಅಸ್ತರಿನ ಎರಡು ಎಳೆಯನ್ನಷ್ಟೇ ಹಿಡಿಯಬೇಕು, ಮುಂದಕ್ಕೆ ಬರಬಾರದು. ಒಂದು ಬದಿಗೆ ಒಂದು ಸಂಜೆ ಬೇಕಾಯಿತು. ಇದನ್ನೂ ಮಿಷನ್ನಿಗೆ ಕೊಟ್ಟರೆ ಅರ್ಧ ಗಂಟೆ ಸಾಕು, ನಿಜ. ಆದರೆ ಕೈ ಹೊಲಿಗೆಯ ಅಂಚನ್ನು ಹಿಡಿದು ನೋಡಿದವರಿಗೆ ಅದರ ಮೃದುತನ ಗೊತ್ತಾಗುತ್ತೆ.

ಈ ಮಧ್ಯೆ, ಹೊಲಿಯುವಾಗ ಪಟ್ಟಿ ಹಿಡಿದಿಡಲು ಗುಂಡುಪಿನ್ನಿನ ಬದಲು ಶಾಲೆಮಕ್ಕಳ, ನೀರಲ್ಲಿ ಕರಗುವ ಬಿಳಿ ಗಮ್ ಕೂಡ ಹಚ್ಚಿ ನೋಡಿದೆ. ತೆಳ್ಳಗೆ ಹಚ್ಚಿ ಇಸ್ತ್ರಿ ಒತ್ತಿದರೆ ಪಟ್ಟಿ ಕದಲುವುದಿಲ್ಲ, ಒಗೆದಾಗ ಬಿಟ್ಟುಹೋಗುತ್ತೆ. ದಪ್ಪ ಹಚ್ಚಿದ ಕಡೆ ಮಾತ್ರ ಸೂಜಿ ಅಂಟಿತು. ಇನ್ನೊಂದು ಚಿಕ್ಕ ಕೌದಿಗೆ ತಟ್ಟೆ ಇಟ್ಟು ಮೂಲೆಗಳನ್ನು ದುಂಡಗೆ ಕತ್ತರಿಸಿದೆ. ನೇರ ಪಟ್ಟಿ ಅಲ್ಲಿ ಮುದುಡಿತು, ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ ಸಲೀಸಾಗಿ ತಿರುಗಿತು.

ನಾಲ್ಕನೆಯದನ್ನು ಇಲ್ಲಿಯವರೆಗೆ ಹತ್ತು ಹನ್ನೆರಡು ಸಲ ಒಗೆದಿರಬಹುದು. ಅಂಚು ಹಾಗೇ ಇದೆ. ಬೇಡ ಅಂದಿದ್ದವರಲ್ಲಿ ಇಬ್ಬರು ತಮ್ಮ ಕೌದಿ ತಂದು ಅಳತೆ ನೋಡಿಸಿಕೊಂಡು ಹೋದರು. ಒಬ್ಬರದು ನಡುವಿಗಿಂತ ಅಂಚು ನಾಲ್ಕು ಇಂಚು ಜಾಸ್ತಿ. ಅಷ್ಟನ್ನು ದಾರ ಎಳೆದು ಕುಗ್ಗಿಸಿದರೆ ಮಡಿಕೆ ಬಂದೇ ಬರುತ್ತೆ. ಅಂಚಿನ ಹತ್ತಿರ ಇನ್ನೂ ಮೂರು ಸಾಲು ಹೊಲಿಗೆ ಹಾಕಿಕೊಂಡು ಬನ್ನಿ, ಆಮೇಲೆ ಮತ್ತೆ ಅಳೆಯೋಣ ಅಂದಿದ್ದೇನೆ.